ಅಸಲಿ ವೇಗ

ಹತ್ತು ಗಂಟೆಗೆ ಬಂದ ಪೆಟ್ಟಿಗೆಯನ್ನು ಹನ್ನೊಂದಾದರೂ ಅವನು ಬಿಚ್ಚಿರಲಿಲ್ಲ. ಕತ್ತರಿ ಸಿಗುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕತ್ತರಿ ಕೈಗೆಟಕುವಲ್ಲೇ, ಪೆನ್ನುಗಳ ಲೋಟದಲ್ಲಿ ತಲೆಕೆಳಗಾಗಿ ನಿಂತಿತ್ತು. ಮೂರು ವಾರ ಕಾದು ತರಿಸಿಕೊಂಡ ವಸ್ತು. ಹಿಂದೆ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ನಾಣ್ಯ ಹಾಕಿ, ನಿಂತುಕೊಂಡು ಆಡುತ್ತಿದ್ದ ಆಳೆತ್ತರದ ಮೆಷಿನ್ನುಗಳ ಆಟಗಳನ್ನು ಇವತ್ತಿನ ಟೀವಿಗೆ ಹೊಂದಿಸಿ ಮತ್ತೆ ಹೊರತರುವ ಈ ಕಂಪನಿಯಲ್ಲಿ ಅವನದು ಒಂದೇ ಕೆಲಸ: ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡುವುದು. ಬಣ್ಣ ಒಂದೆಳೆ ಹೆಚ್ಚಾಗಿದೆಯೇ, ಸದ್ದು ಅರೆಕ್ಷಣ ತಡವಾಗಿದೆಯೇ, ಎಡದಿಂದ ಬರಬೇಕಾದ ಶತ್ರು ಬಲದಿಂದ ಬಂದುಬಿಟ್ಟನೇ. ‘ಅಸಲಿಯಲ್ಲಿ ಹೀಗಿರಲಿಲ್ಲ’ ಎಂದು ಹನ್ನೆರಡು ವರ್ಷ, ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಆಫೀಸಿನಲ್ಲಿ ಅವನ ಹೆಸರೇ ಅಸಲಿ ಎಂದಾಗಿತ್ತು. ಎದುರಿಗೆ ‘ಅಸಲಿ ಸಾರ್’, ಬೆನ್ನ ಹಿಂದೆ ಬರೀ ‘ಅಸಲಿ’. ಬೆನ್ನ ಹಿಂದಿನದೂ ಅವನಿಗೆ ಕೇಳಿಸಿತ್ತು, ಬೇಸರವಾಗಿರಲಿಲ್ಲ. ಐವತ್ತೆರಡನೆಯ ವಯಸ್ಸಿಗೆ ಮನುಷ್ಯನಿಗೆ ಇಷ್ಟಾದರೂ ಹೆಸರು ಬೇಕು ಎಂದುಕೊಂಡಿದ್ದ.

ಪೆಟ್ಟಿಗೆ ಬಿಚ್ಚಲು ಕೈ ಬಾರದಿದ್ದುದಕ್ಕೆ ಕಾರಣ ಎದುರಿನ ಖಾಲಿ ಕುರ್ಚಿ. ಅಲ್ಲಿ ಪ್ರೋಗ್ರಾಮರ್ ಕೂರುತ್ತಿದ್ದಳು. ಮೂವತ್ತರ ಆಸುಪಾಸಿನವಳು, ಮಾತು ಕಡಿಮೆ, ಬೆನ್ನಿಗೆ ಒರಗಿಸಿಕೊಳ್ಳಲು ಮನೆಯಿಂದ ತಂದ ಹಸಿರು ದಿಂಬು ಇನ್ನೂ ಅಲ್ಲೇ ಇತ್ತು. ದೋಣಿ ಆಟವನ್ನು ಹೊಸದಾಗಿ ಕಟ್ಟಿದವಳು ಅವಳೇ. ಹೊಳೆ ಉಕ್ಕಿದೆ, ಮನೆಗಳ ಚಾವಣಿ ಮೇಲೆ ಜನ ನಿಂತಿದ್ದಾರೆ, ದೋಣಿಯವನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ದಡಕ್ಕೆ ಸೇರಿಸಬೇಕು. ಮೇಲಿಂದ ಹದ್ದುಗಳು ಎರಗುತ್ತವೆ, ಎದುರಿನಿಂದ ಮರದ ದಿಮ್ಮಿಗಳು ತೇಲಿಬರುತ್ತವೆ. ಇಷ್ಟೇ ಆಟ. ಅವಳು ಕಟ್ಟಿದ್ದರಲ್ಲಿ ದಿಮ್ಮಿ ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು ಆರು ಸೆಕೆಂಡು. ಅಸಲಿಯಲ್ಲಿ ಐದು ಎಂದು ಅವನು ಬರೆದ. ಹಿಂದೆ ಮನೆಯ ಟೀವಿಗೆ ಹಾಕಿ ಆಡುವ ಕನ್ಸೋಲಿಗೆ ಬಂದ ಆವೃತ್ತಿಯಲ್ಲೂ ಆರೇ ಇದೆ ಸಾರ್, ಲೆಕ್ಕ ಹಾಕಿ ನೋಡಿದೀನಿ ಎಂದು ಮೀಟಿಂಗಿನಲ್ಲಿ ಅವಳು ಹೇಳಿದಾಗ ಅವನು ಕನ್ನಡಕ ತೆಗೆದು, ಒರೆಸಿ, ಎಲ್ಲರೂ ತನ್ನ ಕಡೆ ನೋಡುವವರೆಗೂ ಕಾದು, “ಮನೆ ಆವೃತ್ತಿ ನೋಡಿಕೊಂಡು ಅಸಲಿ ಬಗ್ಗೆ ಮಾತಾಡೋದು ಹೇಗಿದೆ ಅಂದ್ರೆ, ಮಳೆಯ ಫೋಟೋ ನೋಡಿ ನೆಗಡಿ ಆಯ್ತು ಅಂದ ಹಾಗಿದೆ” ಎಂದಿದ್ದ. ಹನ್ನೊಂದು ಜನ ನಕ್ಕರು. ಅವಳೂ ನಕ್ಕಳು, ಅದೇ ಅವನಿಗೆ ಈಗ ನೆನಪಾಗುತ್ತಿದ್ದುದು: ಅವಳು ನಗುತ್ತಲೇ ತನ್ನ ಕಾಗದಗಳನ್ನು ಮಗುಚಿಟ್ಟಿದ್ದು. ಆಮೇಲೆ ಅವಳು ಎರಡು ಸಲ ಮರುಪತ್ರ ಬರೆದಳು, ಮ್ಯಾನೇಜರು ಅದನ್ನು ಹಠ ಎಂದು ಕರೆದರು, ಅವಳನ್ನು ಕೆಳಮಹಡಿಗೆ, ಫೋನಿನ ಪರದೆಗೆ ಬಟನ್ನುಗಳನ್ನು ಜೋಡಿಸುವ ಕೆಲಸಕ್ಕೆ ಹಾಕಿದರು. ಅಸಲಿ ಆ ಹೊತ್ತು ಏನೂ ಹೇಳಲಿಲ್ಲ. ಹೇಳುವುದೇನಿತ್ತು? ಅವನಿಗೆ ನೆನಪಿತ್ತು. ಕಣ್ಣು ಮುಚ್ಚಿದರೂ ದಿಮ್ಮಿ ಬರುವ ವೇಗ ಅಂಗೈಯಲ್ಲಿ ಗೊತ್ತಾಗುತ್ತಿತ್ತು. ಪಕ್ಕಾ ಆಗಲಿ ಎಂದು, ಅವನಿಗಾಗಿ ಅಲ್ಲ, ಉಳಿದವರ ಬಾಯಿ ಮುಚ್ಚಿಸಲು, ಹಳೆಯ ವಸ್ತು ಕೂಡಿಡುವ ಒಬ್ಬರಿಂದ, ಮೆಷಿನ್ನಿನೊಳಗೆ ಕೂತು ಆಟ ಓಡಿಸುವ ಮೂಲ ಬೋರ್ಡನ್ನು ತರಿಸಿದ್ದರು. ತಯಾರಾದ ಕಡೆ ಹಾಕಿದ ಮುದ್ರೆ ಇನ್ನೂ ಒಡೆಯದ ಬೋರ್ಡು, ಒಂದು ದಿನವೂ ಯಾವ ಪಾರ್ಲರಿನಲ್ಲೂ ಓಡದೆ ಉಳಿದದ್ದು.

ಕೊನೆಗೆ ಬಿಚ್ಚಿದ. ಒಳಗಿನ ಕಾಗದ ಹಳದಿಯಾಗಿ ಮುಟ್ಟಿದಲ್ಲೆಲ್ಲ ಪುಡಿಯಾಯಿತು. ಮುದ್ರೆಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ತಂತಿಗಳನ್ನು ಜೋಡಿಸಿ, ಎಡಗಡೆಯ ಹಳೆ ಟೀವಿಗೆ ಹಾಕಿದ. ಬಲಗಡೆಯದರಲ್ಲಿ ತಾನು ತಿದ್ದಿಸಿದ ಹೊಸ ಆವೃತ್ತಿ ಆಗಲೇ ಓಡುತ್ತಿತ್ತು. ಬೋರ್ಡು ಬಿಸಿಯಾಗುತ್ತಿದ್ದಂತೆ ಆ ವಾಸನೆ ಬಂತು, ಧೂಳು ಮತ್ತು ಕಾದ ಅರಗು ಸೇರಿದಂಥದ್ದು, ಸೋದರಮಾವನ ಪಾರ್ಲರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮೆಷಿನ್ನುಗಳೂ ಕಾದಾಗ ಬರುತ್ತಿದ್ದದ್ದು. ಅವನಿಗೆ ಹದಿಮೂರು ವರ್ಷ, ಬಾಗಿಲ ಪಕ್ಕದ ಮೆಷಿನ್ನಿನ ಎದುರು ನಿಂತಿದ್ದಾನೆ, ಹಿಂದೆ ಏಳೆಂಟು ಜನ ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಾರೆ, ಗಲ್ಲಾಪೆಟ್ಟಿಗೆಯ ಬಳಿಯಿಂದ ಮಾವ “ನನ್ನ ಅಳಿಯ ಕಣ್ರೋ ಇವನು” ಎನ್ನುತ್ತಿದ್ದಾನೆ. ಆ ದನಿಯ ಹೆಮ್ಮೆ ಬೆನ್ನಿಗೆ ಬಿಸಿಲಿನಂತೆ ತಾಗುತ್ತಿತ್ತು. ಪರದೆ ಬೆಳಗಿತು. ನೀಲಿ ನೀರು, ಮೂರು ಚಾವಣಿ, ಕೈ ಬೀಸುವ ಪುಟ್ಟ ಮನುಷ್ಯರು. ದಿಮ್ಮಿ ಹೊರಟಿತು. ಅವನು ಸೆಕೆಂಡು ಎಣಿಸುವ ಗಡಿಯಾರ ಒತ್ತಲೇ ಇಲ್ಲ. ಬೇಕಾಗಲಿಲ್ಲ. ಬಲಗಡೆಯ ದಿಮ್ಮಿ ಪರದೆ ದಾಟಿ ಹೋಗಿಯಾಗಿತ್ತು. ಎಡಗಡೆಯದು ಇನ್ನೂ ನೀರಿನ ಮೇಲೆ, ಯಾವ ಅವಸರವೂ ಇಲ್ಲದೆ, ಬರುತ್ತಲೇ ಇತ್ತು.

ಆಫ್ ಮಾಡಿ ಮತ್ತೆ ಹಾಕಿದ. ತಂತಿ ಬದಲಿಸಿ ಹಾಕಿದ. ಈ ಸಲ ಗಡಿಯಾರ ಒತ್ತಿದ: ಆರು. ಇನ್ನೊಮ್ಮೆ: ಆರು. ಸದ್ದು ಸಣ್ಣಗೆ ಇಟ್ಟಿದ್ದುದು ನೆನಪಾಗಿ ಗುಂಡಿ ತಿರುಗಿಸಿದ. ದೋಣಿ ದಡ ಮುಟ್ಟಿದಾಗ ಬರುವ ಹಾಡು, ಎಂಟು ಸ್ವರದ ಪುಟ್ಟ ಹಾಡು, ಬೋರ್ಡಿನಿಂದ ಹೊರಟು ಕೋಣೆಯಲ್ಲಿ ತೇಲಿತು. ಅವನಿಗೆ ಗೊತ್ತಿದ್ದದ್ದಕ್ಕಿಂತ ತಗ್ಗಿನಲ್ಲಿತ್ತು, ನಿಧಾನವಾಗಿತ್ತು, ಪ್ರತಿ ಸ್ವರವೂ ಮುಂದಿನದಕ್ಕೆ ಜಾಗ ಬಿಟ್ಟು ನಿಲ್ಲುತ್ತಿತ್ತು. ಆದರೆ ಅದು ಅಪರಿಚಿತವಾಗಿರಲಿಲ್ಲ. ಎಲ್ಲಿ ಕೇಳಿದ್ದೆ ಎಂದು ಹುಡುಕುವ ಮೊದಲೇ ಗೊತ್ತಾಯಿತು. ಅಪ್ಪ ಗಡ್ಡ ಹೆರೆದುಕೊಳ್ಳುವಾಗ ಗುನುಗುತ್ತಿದ್ದದ್ದು ಇದು. ಬಚ್ಚಲಿನ ಕನ್ನಡಿಯ ಎದುರು, ಕೆನ್ನೆಯನ್ನು ನಾಲಿಗೆಯಿಂದ ಒಳಗಿನಿಂದ ಉಬ್ಬಿಸಿಕೊಂಡು, ಮೂಗಿನಲ್ಲೇ ಎಂಟು ಸ್ವರ, ಇಷ್ಟೇ ನಿಧಾನಕ್ಕೆ, ಇಷ್ಟೇ ತಗ್ಗಿನಲ್ಲಿ. ಅಪ್ಪನಿಗೆ ಹಾಡೂ ಸರಿಯಾಗಿ ಬರುವುದಿಲ್ಲ, ಎಲ್ಲದರಂತೆ ಅದನ್ನೂ ಕೆಡಿಸುತ್ತಾನೆ ಎಂದು ಆಗ ಅನ್ನಿಸಿತ್ತು. ಅದು ಅಪ್ಪನ ಕಿವಿಗೆ ಎಲ್ಲಿಂದ ಬಿತ್ತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅಪ್ಪ ಪಾರ್ಲರಿಗೆ ಕಾಲಿಟ್ಟವನಲ್ಲ.

ಅಪ್ಪ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕ. ಆಸಿಡ್ಡಿನಿಂದ ಬೆರಳ ತುದಿಗಳಲ್ಲಿ ಕಂದು ಕಲೆ. ಗಾಜಿನ ಸಾಮಾನು ಹಿಡಿದೂ ಹಿಡಿದೂ ಲೋಟ, ಬಾಗಿಲ ಚಿಲಕ, ಮಕ್ಕಳ ಕೈ ಎಲ್ಲವನ್ನೂ ಒಡೆದುಹೋದೀತೆಂಬಂತೆ ಹಿಡಿಯುತ್ತಿದ್ದ. ಒಂದು ಭಾನುವಾರ ಕನ್ಸೋಲ್ ತಂದ. ಟೀವಿಗೆ ಹಾಕುವ ಮೊದಲು ಅದರ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು. ಅವತ್ತು ಮಾವನೂ ಬಂದಿದ್ದ, ಅಮ್ಮನ ತಮ್ಮ, ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ. “ಬಾ, ನಿನ್ನ ದೋಣಿ ಆಟ ಮನೆಗೇ ಬಂದಿದೆ. ಇನ್ಮೇಲೆ ನಿಂತುಕೊಂಡು ಆಡೋದು ಬೇಡ” ಎಂದ ಅಪ್ಪ. ಅವನು ಕೈಗೆ ತೆಗೆದುಕೊಂಡು ಅರ್ಧ ನಿಮಿಷ ಆಡಿದ್ದನೇನೋ. ದಿಮ್ಮಿ ಬರುತ್ತಲೇ ಇತ್ತು, ಬರುತ್ತಲೇ ಇತ್ತು. “ಇದು ಅದಲ್ಲ ಅಪ್ಪ. ನಕಲಿ ಇದು. ಸತ್ತ ಹಾಗಿದೆ” ಎಂದ. ಮಾವ ಸೋಫಾದಿಂದಲೇ ನಕ್ಕು, “ಭಾವ, ಹುಡುಕಿ ಹುಡುಕಿ ನಿಮ್ಮ ಥರದ್ದೇ ತಂದಿದೀರಿ ನೋಡಿ” ಎಂದ. ಅಮ್ಮನೂ ನಕ್ಕಳು. ಅಪ್ಪನೂ ನಕ್ಕ, ಕೈಯಲ್ಲಿದ್ದ ಪುಸ್ತಕ ಮುಚ್ಚಿದ, ಪೆನ್ಸಿಲನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ. ಅದಾದ ಮೇಲೆ ಆ ಕನ್ಸೋಲನ್ನು ತಾನು ಮತ್ತೆ ಮುಟ್ಟಲಿಲ್ಲ, ಅದು ಎಲ್ಲಿ ಹೋಯಿತೆಂದು ಕೇಳಲಿಲ್ಲ. ಹಾಗಾದರೆ ಅಪ್ಪ ಯಾವಾಗ ಆಡುತ್ತಿದ್ದ? ತಾನು ಮಾವನ ಪಾರ್ಲರಿನಲ್ಲಿರುವಾಗ, ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದು, ಒಬ್ಬನೇ ಕೂತು, ಆ ಕಂದು ಬೆರಳುಗಳಲ್ಲಿ ದೋಣಿ ನಡೆಸುತ್ತ, ಚಾವಣಿಯ ಮೇಲಿನ ಮನುಷ್ಯರನ್ನು ಇಳಿಸಿಕೊಳ್ಳುತ್ತಿದ್ದನೇ? ಕೇಳುವುದಕ್ಕೆ ಅಪ್ಪ ಇಲ್ಲ, ಹೋಗಿ ಒಂಬತ್ತು ವರ್ಷವಾಯಿತು. ಹಾಡು ಬಾಯಿಪಾಠವಾಗಬೇಕಾದರೆ ಎಷ್ಟು ಸಲ ದಡ ಮುಟ್ಟಿರಬೇಕು ಎಂದು ಎಣಿಸಲು ಹೋಗಿ ಬಿಟ್ಟ.

“ಏನು ಸಾರ್, ತಾಳೆ ಆಯ್ತಾ?” ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದರು. ವಯಸ್ಸಿನಲ್ಲಿ ಅವನಿಗಿಂತ ಹತ್ತು ವರ್ಷ ಚಿಕ್ಕವರು, ಯಾವಾಗಲೂ ಎಲ್ಲಿಗೋ ಹೊರಟಿರುವಂತೆ ಒಂದು ಕಾಲು ಹೊರಗಿಟ್ಟೇ ಮಾತಾಡುವವರು. ಅಸಲಿಯ ಕೈ ತಾನಾಗಿ ಹೋಗಿ ಎಡಗಡೆಯ ಟೀವಿ ಆರಿಸಿತು. ಅಷ್ಟು ಬೇಗ ಕೈ ಹೋದದ್ದು ಕಂಡು ಅವನಿಗೇ ಗಾಬರಿಯಾಯಿತು. “ಬೋರ್ಡು ಯಾಕೋ ಸರಿ ಇದ್ದ ಹಾಗಿಲ್ಲ. ಹಳೇದಲ್ವಾ, ಒಳಗಡೆ ಏನೋ ಕೆಟ್ಟಿರಬೇಕು” ಎಂದ. ದನಿ ಸಹಜವಾಗಿತ್ತು. “ಅಯ್ಯೋ, ಅಷ್ಟು ದೂರದಿಂದ ತರಿಸಿದ್ದು. ಹೋಗ್ಲಿ ಬಿಡಿ, ನೀವಿದ್ದೀರಲ್ಲ, ನಮಗೆ ಅದೇ ಬೋರ್ಡು” ಎಂದು ಮ್ಯಾನೇಜರು ನಕ್ಕರು. “ಐದು ಗಂಟೆಗೆ ಕಡತ ಮುಗಿಸೋಣ. ನಿಮ್ಮದೊಂದು ಸಹಿ ಸಾಕು.” ಹೆಜ್ಜೆಯ ಸದ್ದು ದೂರವಾಗುವವರೆಗೆ ಅವನು ಆರಿದ ಟೀವಿಯಲ್ಲಿ ಬಾಗಿಕೊಂಡ ತನ್ನ ಮುಖ ನೋಡುತ್ತ ಕೂತ. ಬೋರ್ಡು ಕೆಟ್ಟಿದ್ದರೂ ಕೆಟ್ಟಿರಬಹುದಲ್ಲ, ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದದ್ದು. ಹೇಳಿಯಾದ ಮೇಲೆ ಸುಳ್ಳು ಎಷ್ಟು ಬೇಗ ಅನುಮಾನದ ವೇಷ ಹಾಕಿಕೊಳ್ಳುತ್ತದೆ.

ಊಟದ ಹೊತ್ತಿಗೆ ಡಬ್ಬಿ ತೆರೆಯದೆ ಮೆಟ್ಟಿಲ ತಿರುವಿನಲ್ಲಿ ನಿಂತು ಮಾವನಿಗೆ ಫೋನ್ ಮಾಡಿದ. ಮಾವ ಈಗ ಮಗಳ ಮನೆಯಲ್ಲಿದ್ದಾನೆ, ಎಂಬತ್ತರ ಹತ್ತಿರ.

“ಏನೋ, ಇದ್ದಾನೋ ಹೋದನೋ ಅಂತ ನೋಡೋಕೆ ಮಾಡಿದ್ಯಾ? ಇದೀನಿ. ಇನ್ನೂ ನಾಲ್ಕು ಹಲ್ಲಿದೆ.”

“ಮಾವ, ದೋಣಿ ಆಟದ ಮೆಷಿನ್ ನೆನಪಿದೆಯಾ? ಬಾಗಿಲ ಹತ್ರ ಇತ್ತಲ್ಲ.”

“ನೆನಪಿಲ್ದೆ ಏನು. ನನಗೆ ಅನ್ನ ಹಾಕಿದ ತಾಯಿ ಅದು.”

“ಅದರ ಒಳಗಡೆ ಏನಾದ್ರೂ ಬದಲಾಯಿಸಿದ್ರಾ ನೀವು?”

ಆ ಕಡೆ ಮಾವ ನಗತೊಡಗಿದ, ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. “ಈಗ ಕೇಸ್ ಹಾಕ್ತೀಯೇನೋ? ಅದರೊಳಗೆ ಒಂದು ಹರಳು ಇರತ್ತೆ, ಕ್ರಿಸ್ಟಲ್ಲು, ಆಟ ಎಷ್ಟು ಜೋರಾಗಿ ಓಡಬೇಕು ಅನ್ನೋದು ಅದರ ಕೈಲಿರತ್ತೆ. ನಮ್ಮ ಮೆಕ್ಯಾನಿಕ್ಕು ಅದನ್ನ ಕಿತ್ತು ಬೇರೆ ಹಾಕ್ದ. ಆಟ ಕುದುರೆ ಥರ ಓಡ್ತು. ಹುಡುಗ್ರು ಬೇಗ ಸೋಲ್ತಿದ್ರು, ಬೇಗ ಇನ್ನೊಂದು ನಾಣ್ಯ ಹಾಕ್ತಿದ್ರು. ಎಲ್ರೂ ಮಾಡ್ತಿದ್ರು ಕಣೋ, ನಾನೊಬ್ನೇ ಅಲ್ಲ.”

“ನನಗೆ ಯಾಕೆ ಹೇಳ್ಲಿಲ್ಲ?”

“ನಿನಗ್ಯಾಕೆ ಹೇಳ್ಬೇಕಿತ್ತು? ನೀನೊಬ್ನೇ ಅಂಥದರಲ್ಲೂ ಗೆಲ್ತಿದ್ದೆ! ಮೆಕ್ಯಾನಿಕ್ಕೇ ಬಾಯಿ ಬಿಟ್ಕೊಂಡು ನೋಡ್ತಿದ್ದ.”

ಬೆನ್ನಿಗೆ ಆ ಹಳೆಯ ಬಿಸಿಲು ಮತ್ತೆ ತಾಗಿತು. ಒಂದು ಕ್ಷಣ, ಮೆಟ್ಟಿಲ ತಿರುವಿನಲ್ಲಿ, ಐವತ್ತೆರಡು ವರ್ಷದ ಅವನು ನಿಜವಾಗಿಯೂ ಹಿಗ್ಗಿದ. ಹಿಗ್ಗಿದ್ದು ತನಗೇ ಗೊತ್ತಾದಾಗ ಕಿವಿ ಬಿಸಿಯಾಯಿತು. “ಅವತ್ತು ಅಪ್ಪ ಮನೆಗೆ ಕನ್ಸೋಲ್ ತಂದಾಗ ನೀವಿದ್ರಿ. ಅದೇ ಸರಿ ಅಂತ ನಿಮಗೆ ಗೊತ್ತಿತ್ತು” ಎಂದ. “ಯಾವತ್ತು?” ಎಂದ ಮಾವ. ಅವನು ವಿವರಿಸಿದ, ಸೋಫಾ, ಪುಸ್ತಕ, ಪೆನ್ಸಿಲ್. “ಭಾವ ಆಟದ ಸಾಮಾನು ತಂದಿದ್ರಾ? ನನಗೆ ನೆನಪೇ ಇಲ್ಲ ನೋಡು. ಪಾಪ, ಒಳ್ಳೆ ಮನುಷ್ಯ. ಊಟ ಆಯ್ತೇನೋ?” ಆಯ್ತು ಎಂದು ಹೇಳಿ ಅವನು ಫೋನಿಟ್ಟ.

ಕೋಣೆಗೆ ಬಂದು ಬೋರ್ಡನ್ನು ಮತ್ತೆ ಹಾಕಿದ. ಯಾಕೆಂದು ಗೊತ್ತಿಲ್ಲ, ಆಡಿ ನೋಡಬೇಕೆನಿಸಿತು. ಬೇಗ ಬೇಗ ಕೈ ಆಡಿಸಿ ಅಭ್ಯಾಸವಾದವನು ಪ್ರತಿ ಸಲವೂ ಮುಂಚೆಯೇ ತಿರುಗಿಸಿ, ದಿಮ್ಮಿ ಇನ್ನೂ ಬಂದಿರದ ಕಡೆಗೆ ದೋಣಿಯನ್ನು ಒಯ್ದು ತಾನಾಗಿ ಅದಕ್ಕೆ ಅಡ್ಡ ಸಿಕ್ಕಿಸುತ್ತಿದ್ದ. ಮೂರು ಸಲ ಮುಳುಗಿದ. ನಾಲ್ಕನೆಯ ಸಲ ಮೊದಲ ಚಾವಣಿಯ ಹೆಂಗಸನ್ನು ಮಾತ್ರ ಎತ್ತಿಕೊಂಡು ಹೇಗೋ ದಡ ಸೇರಿದ; ಹಾಡು ಬಂತು. ಬಾಗಿಲಲ್ಲಿ ಯಾರೋ ನಿಂತಂತಾಗಿ ತಿರುಗಿದರೆ ಪ್ರೋಗ್ರಾಮರ್.

“ದಿಂಬು ತಗೊಂಡು ಹೋಗೋಣ ಅಂತ ಬಂದೆ ಸಾರ್” ಎಂದಳು. ಆದರೆ ದಿಂಬಿನ ಕಡೆ ಹೋಗಲಿಲ್ಲ. ಎಡಗಡೆಯ ಪರದೆ ನೋಡುತ್ತ ನಿಂತಳು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಒಂದು ದಿಮ್ಮಿ ಹೋಯಿತು, ಇನ್ನೊಂದು ಹೋಯಿತು.

“ಬೋರ್ಡು ಕೆಟ್ಟಿದೆ” ಎಂದ ಅವನು.

ಅವಳು ಬಗ್ಗಿ, ಕೈ ಹಿಂದೆ ಕಟ್ಟಿಕೊಂಡು, ಅಂಗಡಿಯಲ್ಲಿ ಬೆಲೆಯ ಚೀಟಿ ನೋಡುವವಳಂತೆ ಬೋರ್ಡಿನ ಮೂಲೆಯಲ್ಲಿದ್ದ ಬೆಳ್ಳಿಬಣ್ಣದ ಪುಟ್ಟ ಹರಳಿನ ಮೇಲಿನ ಅಂಕಿ ಓದಿದಳು. ಎದ್ದು ನಿಂತಳು. ಅವನು ಕಾದ. ಅವಳು ಕೂಗಿದ್ದರೆ, ನೋಡಿದ್ರಾ ಎಂದು ಒಂದು ಮಾತು ಅಂದಿದ್ದರೆ, ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. “ಸರಿ ಸಾರ್” ಎಂದಳು. ದಿಂಬನ್ನು ಎತ್ತಿಕೊಂಡು, ಅದರ ಧೂಳನ್ನು ಎರಡು ಸಲ ತಟ್ಟಿ, ಹೋಗುವವಳು ನಿಂತು, “ನಮ್ಮನೇಲಿ ಕನ್ಸೋಲಿಂದೇ ಇದ್ದದ್ದು. ನಾನೂ ನಮ್ಮಮ್ಮನೂ ಆಡ್ತಿದ್ವಿ. ಪಾರ್ಲರಿಗೆಲ್ಲ ನಮ್ಮನ್ನ ಯಾರು ಕಳಿಸ್ತಿದ್ರು? ಅವತ್ತು ಮೀಟಿಂಗಲ್ಲಿ ನೀವು ಹಾಗಂದ ಮೇಲೆ ಮನೆಗೆ ಹೋಗಿ ಅಮ್ಮಂಗೆ ಹೇಳ್ದೆ, ನಾವು ಆಡಿದ್ದು ಅಸಲಿ ಅಲ್ವಂತೆ ಅಂತ. ಅಮ್ಮ ಪಾಪ, ಹೌದಾ ಅಂದ್ಲು ಅಷ್ಟೆ” ಎಂದಳು. ಅದನ್ನು ಅವಳು ದೂರಿನಂತೆ ಹೇಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವವರ ದನಿ ಅದು.

ನಾಲ್ಕೂವರೆಗೆ ಅವನು ಮ್ಯಾನೇಜರ ಕೋಣೆಗೆ ಹೋದ. ಕಾರಿಡಾರಿನಲ್ಲಿ ನಡೆಯುವಾಗ ವಾಕ್ಯಗಳನ್ನು ಜೋಡಿಸಿಕೊಂಡಿದ್ದ, ಒಳಗೆ ಹೋದ ಮೇಲೆ ಅವೆಲ್ಲ ತಲೆಯಿಂದ ಜಾರಿ, “ಬೋರ್ಡು ಕೆಟ್ಟಿಲ್ಲ. ನನ್ನ ನೆನಪೇ ಕೆಟ್ಟಿದೆ” ಎಂದಷ್ಟೇ ಹೇಳಲಾಯಿತು. ಆಮೇಲೆ ಮಾವನ ಪಾರ್ಲರು, ಹರಳು, ಐದು, ಆರು ಎಲ್ಲವನ್ನೂ ಹೇಳಿದ. ಅವಳು ಮೊದಲು ಕಟ್ಟಿದ್ದೇ ಸರಿ, ಅವಳನ್ನು ಮತ್ತೆ ಮೇಲೆ ಕರೆಸಬೇಕು ಎಂದ. ಹೇಳುತ್ತ ಹೇಳುತ್ತ ಎದೆ ಹಗುರಾಗಿ, ತಾನು ಒಳ್ಳೆಯವನು ಎಂದು ಅನ್ನಿಸತೊಡಗಿತ್ತು.

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೇಳಿಸಿಕೊಂಡರು. “ಸಾರ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ವೇಗದಲ್ಲಿ ಐವತ್ತು ಜನಕ್ಕೆ ಆಡೋಕೆ ಕೊಟ್ಟಿದ್ವಿ. ಆಹಾ, ಇದೇ ನಮ್ಮ ಕಾಲದ್ದು ಅಂದ್ರು. ಎಲ್ಲರ ಊರಲ್ಲೂ ನಿಮ್ಮ ಮಾವನಂಥವರು ಇದ್ರು ಅಂತ ಕಾಣತ್ತೆ.” ನಕ್ಕರು. “ಈಗ ನಿಧಾನ ಮಾಡಿದ್ರೆ ನಕಲಿ ಅಂತಾರೆ. ಇದನ್ನೇ ಬಿಡೋಣ. ಇನ್ನು ಆಯಮ್ಮ ಕೆಳಗಡೆ ಚೆನ್ನಾಗೇ ಹೊಂದ್ಕೊಂಡಿದಾರೆ, ಮತ್ತೆ ಯಾಕೆ ಎಬ್ಬಿಸೋದು?” ಕಡತವನ್ನು ತಿರುಗಿಸಿ ಅವನ ಕಡೆ ತಳ್ಳಿದರು. ಕೊನೆಯ ಹಾಳೆಯಲ್ಲಿ ಅಚ್ಚಾಗಿತ್ತು: ಮೂಲ ಮೆಷಿನ್ನಿನೊಂದಿಗೆ ತಾಳೆ ನೋಡಲಾಗಿದೆ, ವ್ಯತ್ಯಾಸವಿಲ್ಲ. ಕೆಳಗೆ ಅವನ ಹೆಸರು, ಎಷ್ಟೋ ದಿನದಿಂದ ಯಾರೂ ಕರೆಯದ ಪೂರ್ತಿ ಹೆಸರು.

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ ಏನಾಗುತ್ತಿತ್ತು ಎಂದು ಅವನು ಯೋಚಿಸಿದ. ಯೋಚಿಸುತ್ತಿರುವಾಗಲೇ, ಮುಂದಿನ ತಿಂಗಳು ಬರುವ ಆಟ, ಅದರ ಮುಂದಿನದು, ತಾನು ಕನ್ನಡಕ ಒರೆಸುವಾಗ ಕಾಯುವ ಹನ್ನೊಂದು ಜನ, ಅಸಲಿಗೇ ಅಸಲಿ ಗೊತ್ತಿರಲಿಲ್ಲವಂತೆ ಎಂದು ಕ್ಯಾಂಟೀನಿನಲ್ಲಿ ಹುಟ್ಟಬಹುದಾದ ಜೋಕು, ಎಲ್ಲವೂ ಒಟ್ಟಿಗೆ ನೂಕುನುಗ್ಗಲಾಗಿ ಬಂದವು. ಮ್ಯಾನೇಜರು ಪೆನ್ನು ಚಾಚಿದರು. ಚಾಚಿದ ಪೆನ್ನನ್ನು ಹಿಡಿಯದೆ ಬಿಡುವುದು ಅಸಭ್ಯವೆಂಬಂತೆ ಅವನು ಹಿಡಿದ.

ಕೆಳಮಹಡಿಗೆ ಅವನು ಹೋದದ್ದು ಕಡಿಮೆ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಸಾಲು ಮೇಜು, ಹೆಚ್ಚಿನವರು ಆಗಲೇ ಮನೆಗೆ ಹೊರಟಿದ್ದರು. ಅವಳು ಕೊನೆಯ ಮೇಜಿನಲ್ಲಿ, ಬೆನ್ನಿಗೆ ದಿಂಬಿಟ್ಟುಕೊಂಡು, ಫೋನಿನ ಚಿತ್ರದೊಳಗೆ ಒಂದು ಬಟನ್ನನ್ನು ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಕೂದಲೆಳೆಯಷ್ಟು ಬಲಕ್ಕೆ ಸರಿಸುತ್ತಿದ್ದಳು. ಅವನು ಹೋಗಿ ಪಕ್ಕದಲ್ಲಿ ನಿಂತ.

“ಮ್ಯಾನೇಜರಿಗೆ ಹೇಳ್ದೆ. ನೀವು ಕಟ್ಟಿದ್ದೇ ಸರಿ ಇತ್ತು ಅಂತ. ತಪ್ಪು ನಂದೇ ಅಂತ.”

ಅವಳ ಕೈ ನಿಂತಿತು. ಮುಖ ಎತ್ತಿ ನೋಡಿದಳು, ಅದರಲ್ಲಿ ಅರೆಕ್ಷಣ ಏನೋ ಬೆಳಗಿತು. “ಏನಂದ್ರು?”

“ಹೀಗೇ ಬಿಡೋಣ ಅಂದ್ರು.”

“ನೀವು ಸಹಿ ಹಾಕಿದ್ರಾ?”

“ಹಾಕಿದೆ.”

ಅವಳು ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ, ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕುವವಳಂತೆ. “ಹಾಗಾದ್ರೆ ನನಗೆ ಯಾಕೆ ಹೇಳೋಕೆ ಬಂದ್ರಿ ಸಾರ್?” ಎಂದಳು.

ನಿಮ್ಮಮ್ಮಂಗೆ ಹೇಳಿ, ನೀವು ಆಡಿದ್ದೇ ಅಸಲಿ ಅಂತ ಹೇಳಿ ಎಂದು ಹೇಳಲು ಅವನು ಬಂದಿದ್ದ. ಮೆಟ್ಟಿಲಿಳಿಯುವಾಗ ಆ ಮಾತು ಎಷ್ಟು ದೊಡ್ಡದಾಗಿ, ಎಷ್ಟು ಚೆನ್ನಾಗಿ ಕಂಡಿತ್ತು. ಈಗ ಅದು ಸಣ್ಣಗಾಗಿ, ತನಗಾಗಿ ತಾನು ಬೇಡಿಕೊಳ್ಳುವ ಮಾತಿನಂತೆ ಕೇಳಿಸಿ, ಹೊರಗೆ ಬರಲಿಲ್ಲ. ಅವಳು ಪರದೆಯ ಕಡೆ ತಿರುಗಿದಳು. ಬಟನ್ನು ಮತ್ತೆ ಎಡಕ್ಕೆ ಸರಿಯಿತು.

“ಬರ್ತೀನಮ್ಮ” ಎಂದ.

“ಹ್ಞೂ ಸಾರ್. ಬಾಗಿಲು ಹಾಕ್ಕೊಂಡು ಹೋಗಿ, ಎಸಿ ಹೊರಗೆ ಹೋಗತ್ತೆ.”

ಅವನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅದು ಪೂರ್ತಿ ಕೂತಿರಲಿಲ್ಲ, ಸಂದಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಹಿಂದೆ ಬಂದು, ಒಳಗಿನಿಂದ ಅವಳು ನೋಡದಿರಲಿ ಎಂದುಕೊಳ್ಳುತ್ತ, ಎರಡೂ ಕೈಯಿಂದ ಹಿಡಿಕೆ ಹಿಡಿದು, ಚಿಲಕ ಬೀಳುವವರೆಗೆ ಎಳೆದ.